ಸಾವಿನ ಮನೆಯ ಅಣ್ಣನನ್ನು ಹುಡುಕಿಕೊಂಡು ದೆಹಲಿಗೆ

ಓದುವ ಎಲ್ಲರಿಗೂ ಹರಪನಹಳ್ಳಿಯ ಮೈಕ್ ಸೆಟ್ ಮಲ್ಲೇಶಪ್ಪನ ನಮಸ್ಕಾರ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ನಾನು ಅಕ್ಷರ ಕಲಿತದ್ದು ಮೀಸೆ ಬಂದು, ಮದುವೆಯಾಗಿ, ಮಗಳು ಶಾಲೆಗೆ ಸೇರಿದ ಮೇಲೆ. ಅವಳ ಪಕ್ಕ ಕೂತು ಅವಳ ಸ್ಲೇಟಿನಲ್ಲೇ ಕಲಿತೆ. ಹಾಗಾಗಿ ಒತ್ತಕ್ಷರ ಎಲ್ಲಾದರೂ ದಾರಿ ತಪ್ಪಿ ಪಕ್ಕದ ಪದಕ್ಕೆ ಹೋಗಿ ಕೂತಿದ್ದರೆ ಬೈಯಬೇಡಿ, ಕೈ ಹಿಡಿದು ಕರೆತನ್ನಿ.

ಪ್ರವಾಸ ಕಥನ ಅಂದರೆ ವಿದೇಶದ್ದೇ ಆಗಬೇಕು ಎಂದು ನಮ್ಮೂರ ಲೈಬ್ರರಿಯವರು ಹೇಳುತ್ತಾರೆ. ನಾನು ಹೋದದ್ದು ದೆಹಲಿಗೆ. ಆದರೆ ಚಿತ್ರದುರ್ಗ ದಾಟಿದರೆ ನನಗೆ ಎಲ್ಲವೂ ವಿದೇಶವೇ, ಆದ್ದರಿಂದ ನಡೆಯುತ್ತದೆ.

ನನ್ನ ಹುಚ್ಚನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಆಲ್ಬಮ್ ಕೇಳುವ ಹುಚ್ಚು. ಒಂದು ಹಾಡಲ್ಲ, ಪೂರ್ತಿ ಆಲ್ಬಮ್, ಮೊದಲಿನಿಂದ ಕೊನೆಯವರೆಗೆ. ಇದು ಕಸುಬಿನಿಂದ ಹುಟ್ಟಿದ ಹಸಿವು. ಮೈಕ್ ಸೆಟ್‌ನವನ ಬದುಕಿನಲ್ಲಿ ಯಾವ ಹಾಡೂ ಮುಗಿಯುವುದಿಲ್ಲ. ಪಲ್ಲವಿ ಮುಗಿದು ಚರಣ ಶುರುವಾಗುವಷ್ಟರಲ್ಲಿ ಯಾರೋ ಓಡಿ ಬಂದು, "ಏ ಮಲ್ಲೇಶಿ, ಬಂದ್ ಮಾಡಲೇ, ಹುಡುಗನ ಕಡೇರು ಬಂದ್ರು" ಅನ್ನುತ್ತಾರೆ. ನಾನು ಕೇಳಿದ ಹಾಡುಗಳೆಲ್ಲ ಸೊಂಟದ ತನಕ ಮಾತ್ರ ಇದ್ದವು. ಅಕ್ಷರ ಬಂದ ಮೇಲೆ ಕ್ಯಾಸೆಟ್ಟಿನೊಳಗಿನ ಕಾಗದ ಓದತೊಡಗಿದೆ. ಹಾಡುಗಳಿಗೆ ಹಿಂದು ಮುಂದು ಇರುತ್ತದೆ, ತಬಲಾದವನಿಗೂ ಒಂದು ಹೆಸರಿರುತ್ತದೆ ಎಂದು ಆಗ ಗೊತ್ತಾಯಿತು. ಅಂದಿನಿಂದ ಕೆಟ್ಟೆ.

ಆಮೇಲೆ ಫೋನ್ ಬಂತು, ಫೋನಿನೊಳಗೆ ಲೋಕದ ಹಾಡೆಲ್ಲ ಬಂತು. ಗುರುಗ್ರಾಮದ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗಳು ಶೋಭಾ, ದೆಹಲಿಯ ಕನ್ನಡದ ಹುಡುಗ ಹುಡುಗಿಯರ ಒಂದು ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದಳು. ಅವರು ಭಾನುವಾರ ಒಬ್ಬರ ಮನೆಯಲ್ಲಿ ಸೇರಿ, ಮಾತಾಡದೆ, ಒಂದು ಆಲ್ಬಮ್ ಪೂರ್ತಿ ಕೇಳುತ್ತಾರೆ. ಅವರು ಹೇಳಿದ್ದನ್ನೆಲ್ಲ ನಾನೂ ಊರಲ್ಲಿ ಕೇಳಿ ಅಭಿಪ್ರಾಯ ಕುಟ್ಟುತ್ತಿದ್ದೆ. ಜಾಝ್ ಎಂಬುದನ್ನು ಕೇಳಿ, "ಇದು ಪಂಚಾಯ್ತಿ ಮೀಟಿಂಗು. ಒಬ್ಬೊಬ್ಬರೇ ಎದ್ದು ಏನೇನೋ ಮಾತಾಡಿ, ಕೊನೆಗೆ ಮೊದಲು ಹೇಳಿದ ಮಾತಿಗೇ ಎಲ್ಲರೂ ಕೈ ಎತ್ತುತ್ತಾರೆ" ಎಂದು ಬರೆದೆ. ಮೆಟಲ್ ಎಂಬ ಗದ್ದಲ ಕೇಳಿ, "ಬೋರ್‌ವೆಲ್ ಲಾರಿ. ಮೊದಲು ಬರೀ ಧೂಳು, ತಾಳಿಕೊಂಡರೆ ನೀರು" ಎಂದು ಬರೆದೆ. ಅವರು ನಗುವ ಮುಖಗಳನ್ನು ಕಳಿಸುತ್ತಿದ್ದರು. ಅದು ಹೊಗಳಿಕೆ ಎಂದೇ ನಾನು ತಿಳಿದಿದ್ದೆ.

ಒಂದು ಆಲ್ಬಮ್ ಮಾತ್ರ ಅವರಿಗೆ ಹೇಳದೆ ಇಟ್ಟುಕೊಂಡಿದ್ದೆ. ಪಂಜಾಬಿನ ಕಡೆ ಮಿಲಿಟರಿಯಲ್ಲಿದ್ದ ನಮ್ಮೂರಿನವರೊಬ್ಬರು ತಂದುಕೊಟ್ಟ ಕ್ಯಾಸೆಟ್ಟು ಅದು. ಯಾವುದೋ ರೆಕಾರ್ಡಿನಿಂದ ಇಳಿಸಿಕೊಂಡದ್ದು. ಕಾಗದವಿಲ್ಲ, ಹೆಸರಿಲ್ಲ. ಒಬ್ಬ ಗಂಡಸು ಭೂಮಿಯ ಒಳಗಿನಿಂದ ಬಂದಂಥ ದನಿಯಲ್ಲಿ ಹಾಡುತ್ತಾನೆ, ಹಿಂದೆ ನಾಲ್ಕಾರು ಜನ ಗಂಡಸರು ಅದನ್ನೇ ಎತ್ತಿಕೊಳ್ಳುತ್ತಾರೆ. ಡೋಲು ಹೆಣದ ಹಿಂದೆ ನಡೆಯುವ ಕಾಲಿನಂತೆ ಬೀಳುತ್ತದೆ. ನಡುವೆ ಒಂದು ಕಡೆ ಅವನು ಬಿಕ್ಕುತ್ತಾನೆ. ಆ ಬಿಕ್ಕು ಕೇಳಿದರೆ ಕಲ್ಲೂ ಕರಗಬೇಕು.

ನಮ್ಮ ಕಡೆ ಸಾವಾದ ಮನೆಯಲ್ಲಿ ಹೆಣ ಎತ್ತುವ ತನಕ ಮೈಕ್‌ನಲ್ಲಿ ತತ್ವಪದ ಹಾಕುವುದುಂಟು. ನಾನು ಒಮ್ಮೆ ಈ ಕ್ಯಾಸೆಟ್ಟು ಹಾಕಿದೆ. ಭಾಷೆ ಯಾರಿಗೂ ಗೊತ್ತಿಲ್ಲ, ಆದರೂ ಜನ ಅತ್ತರು. ಅಂದಿನಿಂದ ನಮ್ಮ ಓಣಿಯ ಸಾವುಗಳಿಗೆಲ್ಲ ಅದೇ. "ಆ ಅಣ್ಣನ ಹಾಕಪ್ಪ" ಎಂದು ಕೇಳಿ ಹಾಕಿಸುತ್ತಾರೆ. ನಮ್ಮವ್ವ ಹೋದಾಗಲೂ ನಾನೇ ಹಾಕಿದ್ದೆ.

ಆ ಕ್ಯಾಸೆಟ್ಟನ್ನು ಗುಂಪಿನವರಿಗೆ ಕೇಳಿಸಲೆಂದು ದೆಹಲಿಗೆ ಹೊರಟಾಗ ಪಕ್ಕದ ಮನೆಯ ಕೊಟ್ರವ್ವಜ್ಜಿ ಬಾಗಿಲಲ್ಲೇ ತಡೆದಳು. ಗಂಡ ತೀರಿಕೊಂಡ ದಿನ ಕಣ್ಣೀರು ಬಾರದೆ ಗೊಂಬೆಯಂತೆ ಕೂತಿದ್ದವಳು ಅವಳು. ಆ ಬಿಕ್ಕಿನ ಜಾಗ ಬಂದಾಗ ಅತ್ತಳು.

"ಲೇ ಮಲ್ಲೇಶಿ, ದಿನಾ ದೀಪ ಹಚ್ಚುವಾಗ ನನಗ ಒಳ್ಳೇದು ಮಾಡಿದೋರ ಹೆಸರೆಲ್ಲ ಹೇಳ್ತೀನಿ. ಆ ಅಣ್ಣಂದು ಹೆಸರೇ ಗೊತ್ತಿಲ್ಲ. ಕೇಳ್ಕೊಂಡು ಬಾ."

"ತರ್ತೀನಜ್ಜಿ. ಸಿಕ್ರೆ ಅವನ್ನೇ ಕರ್ಕೊಂಡು ಬರ್ತೀನಿ" ಎಂದೆ. ಬಾಯಿ ದೊಡ್ಡದು.

ಮೆಟ್ರೋ

ದೆಹಲಿಯ ಕೋಟೆ ಗೋಪುರಗಳ ಬಗ್ಗೆ ಬೇರೆಯವರು ಬರೆದಿದ್ದಾರೆ. ನಾನು ಮೆಟ್ರೋದ ಸ್ಪೀಕರಿನ ಬಗ್ಗೆ ಬರೆಯುತ್ತೇನೆ.

ಅಷ್ಟು ಜನ, ಅಷ್ಟು ಕಬ್ಬಿಣ, ಅಷ್ಟು ಕರೆಂಟು. ಆದರೂ ಒಂದು 'ಕುಂಯ್' ಇಲ್ಲ, ಒಂದು 'ಗೊರ್' ಇಲ್ಲ. ಹಿಂದಿಯಲ್ಲಿ ಒಂದು ದನಿ, ಇಂಗ್ಲಿಷಿನಲ್ಲಿ ಇನ್ನೊಂದು ದನಿ, ಬೆಣ್ಣೆಯಲ್ಲಿ ಚಾಕು ಇಳಿದಂತೆ. ನಮ್ಮ ಬಸ್ ಸ್ಟ್ಯಾಂಡಿನ ಸ್ಪೀಕರ್ ನೆನಪಾಯಿತು. ಅದರಲ್ಲಿ ಹೊಸಪೇಟೆ ಬಸ್ಸು ಎಂದರೂ ಹೊನ್ನಾಳಿ ಬಸ್ಸು ಎಂದರೂ ಮುದುಕ ಕೆಮ್ಮಿದಂತೆ ಒಂದೇ ಥರ ಕೇಳುತ್ತದೆ. ಸಂಕೋಚವಿಲ್ಲದೆ ಹೇಳುತ್ತೇನೆ, ನಾನು ಸ್ಪೀಕರಿನ ಕೆಳಗೆ ನಿಂತು ಕಣ್ಣು ಮುಚ್ಚಿ ಕೇಳಿದೆ. ಅದರ ಸೌಂಡು ಕೇಳುತ್ತಾ, ಅದು ಏನು ಹೇಳುತ್ತಿದೆ ಎಂಬುದನ್ನು ಕೇಳಲಿಲ್ಲ. ನಾನು ಇಳಿಯಬೇಕಿದ್ದ ಕರೋಲ್ ಬಾಗ್ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ.

ಶೋಭಾ ಫೋನ್ ಮಾಡಿದಳು. "ಮಾಮ, ಎಲ್ಲಿದೀರಾ?"

"ಸೌಂಡು ಭಾರೀ ಐತಿ ಶೋಭಾ."

"ಸೌಂಡಲ್ಲ ಮಾಮ. ಯಾವ ಸ್ಟೇಷನ್ನು?"

ಬೋರ್ಡು ಓದಿ ಹೇಳಿದೆ. "ಅಚ್ಛಾ. ಇಳೀರಿ. ಎದುರುಗಡೆ ಪ್ಲಾಟ್‌ಫಾರ್ಮಿಗೆ ಹೋಗಿ. ಈ ಸಲ ಕಣ್ಣು ಬಿಟ್ಕೊಂಡು ಬನ್ನಿ."

ಕರೋಲ್ ಬಾಗ್

ಇಲ್ಲಿಗೆ ಬಂದದ್ದು ಹಳೆಯ ಕ್ಯಾಸೆಟ್ಟು, ರೆಕಾರ್ಡು ಸಿಗಬಹುದು ಎಂಬ ಆಸೆಯಿಂದ. ಯಾವ ಅಂಗಡಿಯಲ್ಲಿ ಕೇಳಿದರೂ ಬೆಳಕು ಮಿಣಮಿಣಿಸುವ ಹೊಸ ಸ್ಪೀಕರನ್ನೇ ಮುಂದಿಟ್ಟರು. ಒಬ್ಬ ಭಯ್ಯಾ ನನ್ನ ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ತನ್ನ ಪಕ್ಕದವನಿಗೆ ತೋರಿಸಿದ. ಪಕ್ಕದವನು ಅದರ ಫೋಟೋ ತೆಗೆದುಕೊಂಡ.

ಹಾಗೇ ನಡೆಯುವಾಗ ಒಂದು ಸಣ್ಣ ಅಂಗಡಿಯೊಳಗೆ ಹಿತ್ತಾಳೆ ವಾದ್ಯಗಳು ಹೊಳೆಯುವುದು ಕಂಡಿತು. ಮದುವೆ ಬ್ಯಾಂಡಿನವರು. ಕೆಂಪು ಕೋಟು ಗೋಡೆಗೆ ನೇತುಹಾಕಿ ಬನಿಯನ್ನಿನಲ್ಲೇ ಪ್ರಾಕ್ಟೀಸು ನಡೆಸಿದ್ದರು. ಒಂದಾದ ಮೇಲೆ ಒಂದು, ನಿಲ್ಲಿಸದೆ. ಹುಡುಗನ ಕಡೆಯವರು ಬಂದರು ಎಂದು ಬಂದ್ ಮಾಡಿಸುವವರು ಯಾರೂ ಇಲ್ಲ! ನಾನು ಬಾಗಿಲಲ್ಲಿ ನಿಂತುಬಿಟ್ಟೆ.

ದೊಡ್ಡ ಮೀಸೆಯ ಮಾಲೀಕರು ಕುರ್ಚಿ ಕೊಟ್ಟರು, ಚಹಾ ತರಿಸಿದರು. ದೆಹಲಿಯ ಜನ ಒರಟು ಎನ್ನುತ್ತಾರೆ, ನೋಡಿ, ಕೇಳುಗನಿಗೆ ಎಷ್ಟು ಮರ್ಯಾದೆ ಎಂದುಕೊಂಡೆ. ಆಮೇಲೆ ಅವರು, "ಲಡ್ಕೇವಾಲೇ ಯಾ ಲಡ್ಕೀವಾಲೇ?" ಎಂದು ಕೇಳಿದರು. ನೀವು ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಎಂದು. ನನ್ನ ಹಿಂದಿ ಎಂಥದ್ದೆಂದರೆ, ಪ್ರಶ್ನೆ ಅರ್ಥವಾಗುತ್ತದೆ, ಯಾಕೆ ಕೇಳಿದರು ಎಂಬುದು ಅರ್ಥವಾಗುವುದಿಲ್ಲ. ಕೊಟ್ರವ್ವಜ್ಜಿಯ ಮೊಮ್ಮಗಳಿಗೆ ಮದುವೆ ಗೊತ್ತಾಗಿತ್ತು, ಅದಕ್ಕೆ ನನ್ನದೇ ಮೈಕ್ ಸೆಟ್. "ಲಡ್ಕೀ" ಎಂದೆ. ಅವರು ಮೆರವಣಿಗೆಗೆ ಕುದುರೆ ಎಷ್ಟು, ದೀಪ ಹೊರುವವರು ಎಷ್ಟು ಎಂದು ವಿಚಾರಿಸಿದರು. ನಾನು ಎಲ್ಲದಕ್ಕೂ ತಲೆ ಆಡಿಸುತ್ತಾ ಇನ್ನೂ ಎರಡು ಹಾಡು ಕೇಳಿದೆ. ಮದುವೆ ಯಾವ ಊರಲ್ಲಿ ಎಂದಾಗ "ಹರಪನಹಳ್ಳಿ" ಎಂದೆ. ಅದು ದೆಹಲಿಯಿಂದ ಎಷ್ಟು ದೂರ ಎಂದಾಗ ರೈಲು, ಬಸ್ಸು ಎಲ್ಲ ವಿವರಿಸಿದೆ. ಮೀಸೆ ನಿಧಾನಕ್ಕೆ ಕೆಳಗಿಳಿಯಿತು. ಆದರೂ ಅವರು ದೊಡ್ಡ ಮನುಷ್ಯರು. ಚಹಾ ಮುಗಿಸುವ ತನಕ ಕೂರಲು ಬಿಟ್ಟರು.

ರೋಹಿಣಿ, ಇಮ್ರಾನ್ ಮನೆ

ಭಾನುವಾರ. ಗುಂಪು ಸೇರುವುದು ರೋಹಿಣಿ ಎಂಬ ಬಡಾವಣೆಯಲ್ಲಿ, ಇಮ್ರಾನ್ ಎಂಬ ಹುಡುಗನ ಬಾಡಿಗೆ ಮನೆಯಲ್ಲಿ. ಶಿವಮೊಗ್ಗದವನು, ಕಂಪ್ಯೂಟರ್ ಕೆಲಸ. ಮನೆಯಲ್ಲಿ ಮಂಚಕ್ಕಿಂತ ಸ್ಪೀಕರ್ ದೊಡ್ಡದು. ರೆಕಾರ್ಡ್ ಪ್ಲೇಯರೂ ಇತ್ತು, ಕ್ಯಾಸೆಟ್ ಡೆಕ್ಕೂ ಇತ್ತು. ನನಗೆ ದೇವಸ್ಥಾನಕ್ಕೆ ಬಂದ ಹಾಗಾಯಿತು, ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟೆ. ಶೋಭಾ ಬಿಟ್ಟರೆ ಇನ್ನೊಬ್ಬಳು ಪೊನ್ನಮ್ಮ. ಕೊಡಗಿನವಳು, ತಂದೆ ಮಿಲಿಟರಿ, ಬೆಳೆದದ್ದೆಲ್ಲ ದೆಹಲಿ.

"ಅಂಕಲ್! ಬೋರ್‌ವೆಲ್ ಲಾರಿ ಅಂಕಲ್!" ಎಂದು ಕೈ ಕುಲುಕಿದಳು. ನನ್ನ ಕೀರ್ತಿ ಮುಂಚೆಯೇ ಬಂದು ಕೂತಿತ್ತು.

ನನ್ನ ಕ್ಯಾಸೆಟ್ಟಿಗೆ ಮುಂಚೆ ಇಮ್ರಾನ್ ತನ್ನದೊಂದು ಆಲ್ಬಮ್ ಹಾಕಿದ. ಯುರೋಪಿನ ಕಡೆಯದು. ಎಲ್ಲರೂ ಕಣ್ಣು ಮುಚ್ಚಿದರು. ಸ್ಪೀಕರಿನಿಂದ 'ಹೂಂ...' ಎಂದು ಒಂದೇ ಸದ್ದು ಶುರುವಾಯಿತು. ನಿಂತಿತೇ? ಇಲ್ಲ. ಆ ಸದ್ದು ನನಗೆ ಗೊತ್ತು. ಅರ್ಥಿಂಗ್ ಸರಿ ಇಲ್ಲದಾಗ ಬರುವ ಸದ್ದು. ಪಾಪ, ಹುಡುಗರಿಗೆ ಗೊತ್ತಾಗುತ್ತಿಲ್ಲ, ಮರ್ಯಾದೆಗೆ ಸುಮ್ಮನಿದ್ದಾರೆ ಎಂದುಕೊಂಡು, ಬೆಕ್ಕಿನಂತೆ ಎದ್ದು, ಸ್ಪೀಕರಿನ ಹಿಂದೆ ಹೋಗಿ ವೈರನ್ನು ಕಿತ್ತು ಉಜ್ಜಿ ಮತ್ತೆ ಸಿಕ್ಕಿಸಿದೆ. 'ಠಪ್' ಎಂದು ಬಾಂಬು ಬಿದ್ದಂಥ ಸದ್ದು. ಶೋಭಾ ಕಿರುಚಿದಳು.

"ಅಂಕಲ್, ಏನ್ ಮಾಡ್ತಿದೀರಾ?" ಎಂದ ಇಮ್ರಾನ್.

"ಅರ್ಥಿಂಗ್ ಹೋಗೈತಪ್ಪ. ಹಮ್ಮಿಂಗ್ ಬರಾಕತ್ತಿತ್ತು."

"ಅದೇ ಅಂಕಲ್ ಹಾಡು."

"ಯಾವುದು?"

"ಆ ಹಮ್ಮಿಂಗೇ."

ಆಲ್ಬಮ್ ಪೂರ್ತಿ ಅದೇ ಇತ್ತು. ನಾನು ನಲವತ್ತು ಊರಿನ ಮದುವೆಯಲ್ಲಿ ಬೈಸಿಕೊಂಡ ಸದ್ದನ್ನು ಅಲ್ಲಿ ಒಬ್ಬ ಬೇಕೆಂದೇ ಮಾಡಿ ಹೆಸರು ತೆಗೆದುಕೊಂಡಿದ್ದ. ಆಮೇಲೆ ತಾಳ್ಮೆಯಿಂದ ಕೇಳಿದೆ. ನಡು ದಾರಿಯಲ್ಲಿ ಎಲ್ಲೋ ನಮ್ಮ ಕಡಲೆಕಾಯಿ ಎಣ್ಣೆ ಮಿಲ್ಲಿನ ಬಾಗಿಲಲ್ಲಿ ಮಧ್ಯಾಹ್ನ ಮಲಗಿದ್ದು ನೆನಪಾಗಿ ಹಿತವಾಯಿತು. ನಿಜಕ್ಕೂ ನಿದ್ದೆಯೂ ಬಂತು.

ಅದೇ ಮನೆ, ಚಹಾ ಆದಮೇಲೆ

ಈಗ ನನ್ನ ಸರದಿ. ನಿಂತುಕೊಂಡು ಒಂದು ಸಣ್ಣ ಭಾಷಣ ಮಾಡಿದೆ. ಈ ಗಾಯಕ ನಮ್ಮ ಓಣಿಯ ಕಣ್ಣೀರು ಒರೆಸಿದವನು, ಅವನ ಹೆಸರು ತಿಳಿಯಲೆಂದೇ ಬಂದಿದ್ದೇನೆ ಎಂದೆ. ಎಲ್ಲರ ಮುಖ ಗಂಭೀರವಾಯಿತು. ಕ್ಯಾಸೆಟ್ಟು ತಿರುಗಿತು. ಡೋಲು ಬಿತ್ತು, ಅಣ್ಣ ಹಾಡಿದ. ಇಮ್ರಾನ್ ಸ್ಪೀಕರಿನಲ್ಲಿ ಅವನು ಕೋಣೆಯೊಳಗೇ ಬಂದು ನಿಂತ ಹಾಗಿತ್ತು. ಶೋಭಾ ತನ್ನ ಅಜ್ಜಿಯ, ಅಂದರೆ ನಮ್ಮವ್ವನ, ದಿನ ನೆನಪಾಗಿ ಕಣ್ಣೊರೆಸಿಕೊಂಡಳು.

ಬಿಕ್ಕಿನ ಜಾಗ ಬರುವ ಹೊತ್ತಿಗೆ ಕೆಳಗಿನ ಮನೆಯ ಓನರ್ ಆಂಟಿ ಗಜ್ಜರಿ ಹಲ್ವದ ಡಬ್ಬಿ ಹಿಡಿದು ಬಂದರು. ಪಂಜಾಬಿನವರು, ಬೆಳ್ಳನೆಯ ತಲೆ, ದೊಡ್ಡ ದನಿ. ಬಾಗಿಲಲ್ಲೇ ನಿಂತು ಹುಬ್ಬು ಗಂಟಿಕ್ಕಿದರು. ಡಬ್ಬಿಯ ಮೇಲೆ ಬೆರಳಿನಿಂದ ತಾಳ ಬಡಿದರು. ಆಮೇಲೆ ಅದೇ ಹಾಡನ್ನು ಬೇಗ ಬೇಗ ಗುನುಗಿದರು. ಗುನುಗಿ, ಹಲ್ವದ ಡಬ್ಬಿ ಕೆಳಗಿಟ್ಟು, ಗೋಡೆ ಹಿಡಿದು ನಗತೊಡಗಿದರು. ನಾವು ಐದು ನಿಮಿಷದಿಂದ ಅಳುತ್ತಿದ್ದ ಹಾಡಿಗೆ!

ಅವರು ಹಿಂದಿಯಲ್ಲಿ ಪಟಪಟ ಹೇಳಿದ್ದನ್ನು ಪೊನ್ನಮ್ಮ ಕನ್ನಡ ಮಾಡಿದಳು. "ಅಂಕಲ್, ಆಂಟೀಜಿ ಹೇಳ್ತಿದಾರೆ... ಇದು ನಾ, ಶಾದೀದು. ಮದುವೆ ಹಾಡು. ಹುಡುಗನ ಕಡೆಯವರನ್ನ ಅವರು... ಏನಂತಾರೆ... ಕಾಲು... ಕಾಲೆಳೆಯೋದು! ಬೀಗರ ಹೊಟ್ಟೆ ನೋಡು, ನಮ್ಮ ಲಾಡು ಎಲ್ಲ ಅಲ್ಲೇ ಇದೆ ಅಂತ."

"ಬೀಗರ ಹಾಡಾ?" ಎಂದೆ. ನಮ್ಮ ಕಡೆಯೂ ಹೆಂಗಸರು ಮದುವೆಯಲ್ಲಿ ಬೀಗರನ್ನು ಆಡಿಕೊಂಡು ಹಾಡುತ್ತಾರೆ. ಕೊಟ್ರವ್ವಜ್ಜಿ ಅದರಲ್ಲಿ ಹೆಸರುವಾಸಿ.

"ಹಾಂ ಜೀ. ಮತ್ತೆ ಇದು ಅಣ್ಣ ಅಲ್ಲ ಅಂತೆ ಅಂಕಲ್. ಹೆಂಗಸು."

ನಾನು ಒಪ್ಪಲಿಲ್ಲ. ಆಂಟಿ ಕೆಳಗೆ ಹೋಗಿ ಒಂದು ರೆಕಾರ್ಡು ತಂದರು. ಊಟದ ತಟ್ಟೆಯಷ್ಟು ದೊಡ್ಡದು. ಇಮ್ರಾನ್ ಹಾಕಿದ. ಕೋಣೆಯ ತುಂಬ ಹೆಂಗಸರು ಬಂದು ಬಿದ್ದರು! ಡೋಲು ಕುಣಿಯುತ್ತಿದೆ, ಒಬ್ಬಳು ಬಳೆ ಸದ್ದಿನಂಥ ದನಿಯಲ್ಲಿ ಹಾಡುತ್ತಿದ್ದಾಳೆ, ಹಿಂದೆ ಹುಡುಗಿಯರು ಕಿಲಕಿಲ ಎತ್ತಿಕೊಳ್ಳುತ್ತಿದ್ದಾರೆ. ಹಾಡು ಅದೇ. ನಾನು ಎದ್ದು ನಿಂತೆ.

"ಸ್ಪೀಡ್ ತಪ್ಪೈತಿ! ದೊಡ್ಡ ತಟ್ಟೆ ಅಂದ್ರ ನಿಮಿಷಕ್ಕ ಮೂವತ್ಮೂರು ಸುತ್ತು ತಿರುಗ್ಬೇಕು. ನೀನು ನಲವತ್ತೈದಕ್ಕ ಇಟ್ಟೀಯ. ಅದು ಸಣ್ಣ ತಟ್ಟೆ ಸ್ಪೀಡು."

ಇಮ್ರಾನ್ ರೆಕಾರ್ಡಿನ ನಡುವಿನ ಕಾಗದ ತೋರಿಸಿದ. "ಅಂಕಲ್, ಇಲ್ಲಿ ನಲವತ್ತೈದು ಅಂತಾನೇ ಇದೆ. ಕೆಲವು ದೊಡ್ಡ ರೆಕಾರ್ಡು ಹಿಂಗೂ ಬರ್ತಿದ್ವು."

ಓದಿದೆ. ಇಂಥ ಕಾಗದ ಓದಲೆಂದೇ ಅಕ್ಷರ ಕಲಿತವನು ನಾನು. ನಲವತ್ತೈದೇ ಇತ್ತು.

"ಛಾಪಿಸಿದೋರು ತಪ್ಪು ಮಾಡ್ಯಾರ" ಎಂದೆ.

ಆಗ ಹಾಡಿನಲ್ಲಿ ಬಿಕ್ಕಿನ ಜಾಗ ಬಂತು. ಅದು ಬಿಕ್ಕಲ್ಲ. ಅವಳು ಹಾಡುತ್ತಾ ಹಾಡುತ್ತಾ ತಡೆಯಲಾರದೆ ನಕ್ಕಿದ್ದು. ಬೀಗರ ಹೊಟ್ಟೆ ಕಂಡು.

ಈಗ ಎಲ್ಲ ಗೊತ್ತಾಯಿತು. ಕ್ಯಾಸೆಟ್ಟಿಗೆ ಇಳಿಸಿಕೊಂಡವರೂ ನನ್ನ ಹಾಗೇ ಬುದ್ಧಿವಂತರು. ದೊಡ್ಡ ತಟ್ಟೆ ನೋಡಿ ಮೂವತ್ಮೂರಕ್ಕೆ ಇಟ್ಟಿದ್ದಾರೆ. ಹೆಂಗಸು ಗಂಡಸಾಗಿದ್ದಾಳೆ, ಕುಣಿತ ಹೆಣದ ನಡಿಗೆಯಾಗಿದೆ, ನಗು ಬಿಕ್ಕಾಗಿದೆ. ಇಷ್ಟು ವರ್ಷ ನಾನು ಹರಪನಹಳ್ಳಿಯ ಹೆಣಗಳ ಮುಂದೆ ಪಂಜಾಬಿನ ಬೀಗರ ಹೊಟ್ಟೆಯನ್ನು ಹಾಡಿಸಿದ್ದೆ.

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಶೋಭಾ ಕೂಡ ಅಳುತ್ತಲೇ ನಕ್ಕಳು. ನಾನೂ ನಗಲು ನೋಡಿದೆ, ಆಗಲಿಲ್ಲ. ನಮ್ಮವ್ವನ ಮುಖ ಕಣ್ಣ ಮುಂದೆ ಬಂತು. ಅದರ ಪಕ್ಕ ಬಾಗಿಲಲ್ಲಿ ನಿಂತ ಕೊಟ್ರವ್ವಜ್ಜಿ. ಅವಳಿಗೆ ಏನೆಂದು ಹೇಳಲಿ?

ನನ್ನ ಮುಖ ನೋಡಿ ಆಂಟಿ ಪೊನ್ನಮ್ಮನನ್ನು ಏನೋ ಕೇಳಿದರು. ಸಾವಿನ ಮನೆ, ಮೈಕು, ಅವ್ವ, ಎಲ್ಲವನ್ನೂ ಅವಳು ಹೇಳಿದಳು. ಆಂಟಿ ನಗು ನಿಲ್ಲಿಸಿದರು. ರೆಕಾರ್ಡಿನ ಕಡೆ ಕೈ ತೋರಿಸಿ, ಇವರ ಸ್ಪೀಡಿನಲ್ಲಿ ಒಂದು ಸಲ ಹಾಕು ಎಂದರು. ಇಮ್ರಾನ್ ಬಟನ್ನು ಒತ್ತಿದ. ಬಳೆಗಳೆಲ್ಲ ಮಣ್ಣಿಗಿಳಿದವು. ಅಣ್ಣ ವಾಪಸ್ ಬಂದ.

ಆಂಟಿ ಮೊದಲು ತುಟಿ ಕಚ್ಚಿ ನಗು ತಡೆದರು. ಆಮೇಲೆ ಸೋಫಾದ ತುದಿಯಲ್ಲಿ ಕೂತರು. ಬಿಕ್ಕಿನ ಜಾಗ ಬಂದು ಹೋದ ಮೇಲೆ ಮೆಲ್ಲಗೆ ಏನೋ ಹೇಳಿದರು. ಪೊನ್ನಮ್ಮನಿಗೆ ಈ ಸಲ ಕನ್ನಡ ಹುಡುಕಲು ಹೊತ್ತು ಹಿಡಿಯಿತು.

"ಆಂಟೀಜಿ ಮದುವೇಲಿ ಇದನ್ನ ಅವರಮ್ಮ ಹಾಡಿದ್ರಂತೆ ಅಂಕಲ್. ನಗೋ ಜಾಗ ಬಂದಾಗ ಎಲ್ಲಾ ನಕ್ರಂತೆ. ಅಮ್ಮ ಮಾತ್ರ ಎದ್ದು ಒಳಗೆ ಹೋಗ್ಬಿಟ್ರಂತೆ."

ಆಂಟಿ ಇಮ್ರಾನ್ ಕಡೆ ನೋಡಿ, "ಏಕ್ ಬಾರ್ ಔರ್" ಎಂದರು. ಇನ್ನೊಂದು ಸಲ.

ಹೊರಡುವ ಮುಂಚೆ ರೆಕಾರ್ಡಿನ ಹೊದಿಕೆ ಕೈಗೆ ತೆಗೆದುಕೊಂಡೆ. ಹೆಸರಾದರೂ ಓದೋಣ ಎಂದು. ಎಲ್ಲವೂ ಪಂಜಾಬಿ ಅಕ್ಷರ. ಮೀಸೆ ಬಂದ ಮೇಲೆ ಒಂದು ಲಿಪಿ ಕಲಿತೆ, ಇಂಗ್ಲಿಷಿನದು ಅರ್ಧ ಕಲಿತೆ, ಬೇಕಾದದ್ದು ಮೂರನೆಯದರಲ್ಲಿತ್ತು. ಆಂಟಿಯೇ ಬೆರಳಿಟ್ಟು ಓದಿದರು. ಜೀತೋ ಮತ್ತು ಸಂಗಡಿಗರು.

ವಾಪಸ್ ಊರು

ಬಸ್ಸಿಳಿದು ಬ್ಯಾಗು ಇಡುವ ಮುಂಚೆಯೇ ಕೊಟ್ರವ್ವಜ್ಜಿ ಬಂದಳು. "ಸಿಕ್ಕಿದ್ನೇನೋ ಅಣ್ಣ?"

"ಇಲ್ಲಜ್ಜಿ" ಎಂದೆ. ಅದು ಸುಳ್ಳೂ ಅಲ್ಲ.

"ದಿಲ್ಲಿ ತನಕ ಹೋಗಿ ಒಂದ್ ಹೆಸರು ತರಾಕ ಆಗಲಿಲ್ಲೇನಲೇ ನಿನಗ" ಎಂದು ಬೈದು ಹೋದಳು. ನಾಲಿಗೆ ತುದಿಯಲ್ಲಿದ್ದ ಹೆಸರು ಅಲ್ಲೇ ಉಳಿಯಿತು.

ಸ್ವಲ್ಪ ದಿನಕ್ಕೆ ಅವಳ ಮೊಮ್ಮಗಳ ಮದುವೆ ಬಂತು. ಆಂಟಿಯ ರೆಕಾರ್ಡನ್ನು ಇಮ್ರಾನ್ ಸರಿಯಾದ ಸ್ಪೀಡಿನಲ್ಲೇ ನನ್ನ ಫೋನಿಗೆ ಹಾಕಿಕೊಟ್ಟಿದ್ದ. ಬೆಳಿಗ್ಗೆಯಿಂದ ಕೈ ಅಲ್ಲಿಗೇ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಕೊನೆಗೆ ಒತ್ತಿಬಿಟ್ಟೆ. ಚಪ್ಪರದ ಹುಡುಗರು ಕುಣಿದರು. ಯಾರಿಗೂ ಗುರುತು ಸಿಗಲಿಲ್ಲ.

ಅಜ್ಜಿ ಕುರ್ಚಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದವಳು ನಿಲ್ಲಿಸಿದಳು. ಕೈ ಬೀಸಿ ಕರೆದಳು.

"ಲೇ ಮಲ್ಲೇಶಿ, ಇದು ಬೀಗರ ಹಾಡಲ್ಲೇನಲೇ?"

"ಹೌದಜ್ಜಿ. ನಿನಗ ಹೆಂಗ ತಿಳೀತು? ಪಂಜಾಬಿ ಐತಿ."

"ತಿಳೀದೇನು, ಬೈಯೋ ಗತ್ತು ಕೇಳಿದ್ರ ಸಾಕು. ಯಾರಾಕಿ?"

"ಜೀತೋ ಅಂತ."

ನಗುವ ಜಾಗ ಬಂತು. ಜೀತೋ ನಕ್ಕಳು. ಅಜ್ಜಿ ತಲೆ ಓರೆ ಮಾಡಿ ಅದನ್ನು ಕೇಳಿದಳು. ಮದುಮಗಳು ಕೂತಿದ್ದ ಕೋಣೆಯ ಬಾಗಿಲ ಕಡೆ ನೋಡಿದಳು.

"ನಮ್ಮ ಅಣ್ಣನ ತಂಗಿ ಇರಬೇಕು" ಎಂದಳು. "ಗಂಟಲು ಒಂದೇ ಐತಿ."

ತಟ್ಟೆ, ಸ್ಪೀಡು, ಮೂವತ್ಮೂರು, ನಲವತ್ತೈದು, ಎಲ್ಲ ವಿವರಿಸಲು ಬಾಯಿ ತೆರೆದೆ. ಅವಳು ನನ್ನ ಮೊಣಕಾಲಿಗೆ ತಟ್ಟಿದಳು.

"ಇರಲಿ ಬಿಡು. ಅಣ್ಣಂದು ಸಿಗಲಿಲ್ಲಂದ್ರ ತಂಗೀದಾದ್ರೂ ಸಿಕ್ತಲ್ಲ. ನಾಳೆ ದೀಪ ಹಚ್ಚುವಾಗ ಹೇಳ್ತೀನಿ. ಜೀತೋ."

ಅಷ್ಟರಲ್ಲಿ ಗೇಟಿನ ಕಡೆಯಿಂದ ಕೂಗು ಬಂತು. "ಏ ಮಲ್ಲೇಶಪ್ಪ, ಬಂದ್ ಮಾಡು, ಹುಡುಗನ ಕಡೇರು ಬಂದ್ರು!"

ಕೈ ಅಭ್ಯಾಸದಂತೆ ಬಟನ್ನಿಗೆ ಹೋಯಿತು. ಅಜ್ಜಿ ಹಿಡಿದುಕೊಂಡಳು.

"ಬರಲಿ. ಅವರ ಮ್ಯಾಲೇ ಹಾಡಾಕತ್ತಾಳ. ಮುಗೀಲಿ."

ನನ್ನ ಕಸುಬಿನಲ್ಲಿ ಮದುವೆ ಮನೆಯೊಳಗೆ ಒಂದು ಹಾಡು ಪೂರ್ತಿ ಮುಗಿದದ್ದು ಅವತ್ತೇ. ಕ್ಯಾಸೆಟ್ಟನ್ನು ಬಿಸಾಡಿಲ್ಲ. ಸಾವಿನ ಮನೆಗೆ ಈಗಲೂ ಅಣ್ಣನೇ ಹೋಗುತ್ತಾನೆ, ಮದುವೆಗೆ ತಂಗಿ.

ನೀವೂ ಯಾವುದಾದರೂ ಹಾಡನ್ನು ಹೀಗೆ ವರ್ಷಗಟ್ಟಲೆ ತಪ್ಪಾಗಿ ಕೇಳಿ, ತಪ್ಪಾಗಿಯೇ ಪ್ರೀತಿ ಮಾಡಿದ್ದುಂಟೆ? ನಾನೊಬ್ಬನೇ ಅಲ್ಲ ಎಂದು ಗೊತ್ತಾದರೆ ಧೈರ್ಯ ಬರುತ್ತದೆ. ದಯವಿಟ್ಟು ಬರೆದು ತಿಳಿಸಿ. ಓದಲು ತಡವಾದರೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಓದು ಇನ್ನೂ ಮೂವತ್ಮೂರರಲ್ಲೇ ತಿರುಗುತ್ತದೆ.